ಹೆಜ್ಜಾರ್ಲೆ ಮರದ ವೆಬ್‌ಸೈಟು

ಬನ್ನಿ, ಹತ್ತಿರ ಕೂತ್ಕೊಳ್ಳಿ. ನಗು ಬಂದರೆ ತಡಕೋಬೇಡಿ!

ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ಊರಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವಳು, ಮಹಾ ಚುರುಕು. ಅವಳಿಗೊಬ್ಬ ಮಗ, ಚಿಕ್ಕಮಾದ. ಲೆಕ್ಕವನ್ನೇನೋ ಅರೆದು ಕುಡಿದಿದ್ದ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು! ಅವ್ವನಿಗೆ ಅದೇ ತಲೆನೋವು.

ಅವರ ಅಂಗಡಿ ಮುಂದೆ ಒಂದು ಹುಣಸೆಮರ. ವರ್ಷಾವರ್ಷ ಚೀಲದಂಥ ಕೊಕ್ಕಿನ ಹೆಜ್ಜಾರ್ಲೆ ಹಕ್ಕಿಗಳು ಎಲ್ಲಿಂದಲೋ ಬಂದು ಅದರಲ್ಲೇ ಗೂಡು ಕಟ್ಟುತ್ತಿದ್ದವು. ಅವು ಬಂದಿಳಿದಾಗೆಲ್ಲ ಕೆಂಪಾಜಮ್ಮ ಕೆಲಸ ಬಿಟ್ಟು ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದಳು. ಎಷ್ಟು ನೋಡಿದರೂ ಆ ಬೆರಗು ತೀರುತ್ತಿರಲಿಲ್ಲ.

ಆ ಮರಕ್ಕೇ ಕೊಡಲಿ ಬಂತು. ರಸ್ತೆ ಅಗಲ ಮಾಡಬೇಕಂತೆ! ಅವಳು ಗೋಗರೆದಾಗ ರಸ್ತೆ ಇಂಜಿನಿಯರ್ ಅಂದ, "ಹಕ್ಕಿ ಲೆಕ್ಕಾನ ವೆಬ್‌ಸೈಟಲ್ಲಿ ಹಾಕ್ರಮ್ಮ, ನೋಡ್ತೀನಿ. ಅದು ಮುಗಿಯೋವರೆಗೂ ಕೊಡಲಿ ಇಡ್ಸಲ್ಲ, ಇದು ನನ್ನ ಮಾತು."

ಮಾದ ಮೊದಲಿಂದಲೂ ಹಕ್ಕಿ ಎಣಿಸುತ್ತಿದ್ದ; ಕೋಡು, ಟಿಪ್ಪಣಿ, ಚಿತ್ರ ಎಲ್ಲ ಒಟ್ಟಿಗೇ ಬರೆದಿಡುವ ಅವನ ಕಂಪ್ಯೂಟರಿನ ನೋಟ್‌ಬುಕ್ಕಿನಲ್ಲಿ ಆ ಲೆಕ್ಕವೆಲ್ಲ ಇತ್ತು. ಅವ್ವ ಅಂದಳು, "ಮಗಾ, ನೀನು ಮಾಡಿರೋದ್ನೆಲ್ಲ ಜನಕ್ಕೆ ತೋರ್ಸ್ಲಾ!"

ಎಲ್ಲವನ್ನೂ ತೋರಿಸಿದ! ಮೊಳಗಟ್ಟಲೆ ಕಂಪ್ಯೂಟರ್ ಕೋಡು, ಕೆಂಪಗೆ ಉರಿಯುವ ತಪ್ಪುಗಳು, "ಇದ್ಯಾಕೆ ಬರ್ತಿಲ್ಲ, ಊಟ ಮಾಡಿ ನೋಡ್ತೀನಿ" ಅಂತ ಬರಕೊಂಡಿದ್ದು, ಎಲ್ಲವೂ! ಹಕ್ಕಿಗೊಂದು ಚುಕ್ಕೆ ಇಟ್ಟ ಚಿತ್ರ ಮಾತ್ರ ಎಲ್ಲೋ ತಳದಲ್ಲಿ.

"ಅಬ್ಬಬ್ಬಾ, ಲೋಕಕ್ಕೆಲ್ಲ ಕಾಣ್ತದಲ್ಲವ್ವ!" ಅಂತ ಮಾದ ಕುಣಿದ.

"ಅಯ್ಯೋ ಪೆದ್ದೇ! ಉಣ್ಣೋಕೆ ಬಂದೋರಿಗೆ ಒಲೆ ಬೂದಿ ತೋರ್ಸ್ತಾರೇನ್ಲಾ? ಮಿಕ್ಕಿದ್ದೆಲ್ಲ ಮುಚ್ಚು, ಚಿತ್ರ ಒಂದು ಕಾಣ್ಲಿ!"

"ಆಗ್ಲಿ ಕಣವ್ವ!"

ಮಿಕ್ಕಿದ್ದೆಲ್ಲ ಮುಚ್ಚಿದ! ಕೋಡು ಮುಚ್ಚಿದ, ತಲೆಬರಹ ಮುಚ್ಚಿದ, ಊರ ಹೆಸರು ಮುಚ್ಚಿದ. ಬೆಳ್ಳಗಿನ ಪುಟದಲ್ಲಿ ಬರೀ ಚುಕ್ಕೆಗಳು. ಇಂಜಿನಿಯರ್ ಫೋನ್ ಮಾಡಿದ, "ಏನಮ್ಮ ಇದು, ಸಾಸಿವೆ ಚೆಲ್ಲಿದೀರಾ?"

ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಚಿತ್ರದ ಕೆಳಗೆ, ಅಲ್ಲಿ ಏನು ಕಾಣ್ತದೋ ಅದ್ನ ಬರೀಬೇಕು ಕಣ್ಲಾ!"

"ಆಗ್ಲಿ ಕಣವ್ವ!"

ಕಂಡಿದ್ದನ್ನೇ ಬರೆದ! "ಇದು ಚುಕ್ಕೆ. ಇದೂ ಚುಕ್ಕೆ. ಇದು ಸ್ವಲ್ಪ ದಪ್ಪ ಚುಕ್ಕೆ."

ಇಂಜಿನಿಯರಿಗೆ ರೇಗಿತು. "ನಾಳೆ ಆಳು ಕರ್ಕೊಂಡು ಬರ್ತೀನಿ, ಅಷ್ಟರಲ್ಲಿ ಮುಗ್ಸಿಟ್ಟಿರಿ!" ಅಂದ. ಮೇಲೆ ಮರಿಗಳು ಕೀಚ್ ಅನ್ನುತ್ತಿದ್ದವು. ಕೆಂಪಾಜಮ್ಮನಿಗೆ ಕಣ್ಣು ತುಂಬಿ ಬಂತು.

"ಅಯ್ಯೋ ಪೆದ್ದೇ! ಚುಕ್ಕೆ ಯಾರಿಗ್ಬೇಕು? ಮರದಾಗೆ ಇರೋದ್ನ ಇದ್ದಂಗೆ ಬರಿ! ಒಂದು ಬದಲಾದ್ರೂ ಮೇಲಿಂದ ಕೆಳಗಂಟ ಪೂರ್ತಿ ಹೊಸದಾಗಿ ಲೆಕ್ಕ ಮಾಡು. ಆಮೇಲೆ ವೆಬ್‌ಸೈಟಿಗೆ ಹಾಕೋ ಗುಂಡಿ ಒತ್ತು!"

"ಆಗ್ಲಿ ಕಣವ್ವ!"

ಬೆಳಗಾದರೆ ಮಾದ ಎಲ್ಲಿ? ಲ್ಯಾಪ್‌ಟಾಪು ಬೆನ್ನಿಗೆ ಕಟ್ಟಿಕೊಂಡು ಹುಣಸೆಮರದ ತುದಿಯಲ್ಲಿ! ಕೆಳಗೆ ಇಂಜಿನಿಯರು, ಕೊಡಲಿ ಹಿಡಿದ ಆಳುಗಳು.

"ಏಯ್, ಮುಗೀತೇನಯ್ಯಾ?"

"ಇನ್ನೊಂದೇ ಕೊಂಬೆ ಸಾರ್... ಅಯ್ಯೋ! ಒಂದು ಹಾರ್ತು! ಮತ್ತೆ ಮೇಲಿಂದ!"

ಕಾದರು. "ಈಗ?"

"ಆಯ್ತು ಸಾರ್... ಅಯ್ಯೋ! ಮೊಟ್ಟೆ ಒಡೀತಾ ಅದೆ! ಮತ್ತೆ ಮೇಲಿಂದ!"

ಎಲ್ಲರೂ ಕತ್ತೆತ್ತಿದರು. ಹಸಿಹಸಿ ಮೈಯ ಮರಿಯೊಂದು ಗೂಡಿನಂಚಿಗೆ ಕೊಕ್ಕು ಚಾಚಿತು. ತಾಯಿಹಕ್ಕಿ ರೆಕ್ಕೆ ಬಿಚ್ಚಿತು ನೋಡಿ, ಕೆಳಗೆ ನಿಂತವರ ಮೇಲೆಲ್ಲ ನೆರಳು! ಆಳುಗಳ ಕೈಯಿಂದ ಕೊಡಲಿ ತಾನೇ ಕೆಳಗಿಳಿಯಿತು. ಕೆಂಪಾಜಮ್ಮನೂ ಮೊದಲ ಸಲ ನೋಡಿದವಳ ಹಾಗೆ ನಿಂತುಬಿಟ್ಟಳು.

ಕೊನೆಗೆ ಇಂಜಿನಿಯರ್ ಮೆಲ್ಲಗೆ ಅಂದ, "ರಸ್ತೆ ಆ ಪಕ್ಕಕ್ಕೆ ತಿರುಗ್ಸ್ರಯ್ಯಾ. ಇವ್ನು ಮುಗ್ಸೋಷ್ಟರಲ್ಲಿ ನಾನು ರಿಟೈರ್ ಆಗಿರ್ತೀನಿ. ಮಾತು ಕೊಟ್ಟಾಗಿದೆ."

ಎಲ್ಲರೂ ಹೋದರು. ಮರ ಉಳಿಯಿತು! ಕೆಂಪಾಜಮ್ಮ ಖುಷಿಗೆ ಸೆರಗಲ್ಲಿ ಮೂಗು ಒರೆಸಿಕೊಂಡು ಗಟ್ಟಿಯಾಗಿ ಕೂಗಿದಳು, "ಗೆದ್ಬುಟ್ಯಲ್ಲೋ ಮಗಾ! ಇಳಿದು ಬಾರ್ಲಾ, ಮುದ್ದೆ ಆರೋಗ್ತದೆ!"

ಆ ಕೂಗಿಗೆ ಹಕ್ಕಿಗಳೆಲ್ಲ ದಡಬಡ ಎದ್ದವು.

"ಅಯ್ಯೋ ಅವ್ವಾ!" ಅಂದ ಮಾದ ಮೇಲಿನಿಂದ. "ಎಲ್ಲಾ ಬದಲಾಗೋಯ್ತು! ಮತ್ತೆ ಮೇಲಿಂದ!"

ಕೆಂಪಾಜಮ್ಮ ಬೈಯಲು ಬಾಯಿ ತೆರೆದಳು. ಹಕ್ಕಿಗಳು ಮತ್ತೆ ಎದ್ದಾವು ಅಂತ ಹಾಗೇ ಮುಚ್ಚಿಕೊಂಡು, ಮುದ್ದೆ ಕಟ್ಟಿ ಮರದ ಮೇಲಕ್ಕೆ ಕಳಿಸಲು ಹಗ್ಗ ಹುಡುಕಿದಳು.