ಅಮ್ಮನಿಲ್ಲದ ಸಿನಿಮಾ

ಕೆರೆಯಂಗಳದ ಟಿಟ್ಟಿಭ ಹಕ್ಕಿಯ ಮರಿಯೊಂದು ಶಾಲೆಯ ಹೊಸ್ತಿಲಲ್ಲಿ ನಿಂತು ಕಾರ್ಟೂನ್ ಸಿನಿಮಾ ನೋಡಿ ಬಂತು ನೋಡಿ, ಅವತ್ತಿನಿಂದ ಅದರದು ಒಂದೇ ರಾಗ.

"ಅಮ್ಮಾ, ಅದರಲ್ಲಿ ಮರಿಗೆ ಅಮ್ಮನೇ ಇಲ್ಲ. ಅದಕ್ಕೇ ಅದು ಕಾಡೆಲ್ಲ ಸುತ್ತಿ ಶೂರ ಆಯ್ತು. ನೀನು ಹೀಗೆ ಬೆನ್ನಿಗೇ ಇದ್ದರೆ ನಾನು ಶೂರನಾಗೋದು ಯಾವಾಗ?"

ತಾಯಿ ಪೊದೆಯ ಕಡೆ ಒಮ್ಮೆ ನೋಡಿ, "ಆಯ್ತು ಶೂರಪ್ಪ, ಈಗಲೇ ಒಬ್ಬನೇ ಆಚೆ ದಡಕ್ಕೆ ಓಡು" ಎಂದಿತು.

ಮರಿ ತಿರುಗಿಯೂ ನೋಡದೆ ಓಡಿತು. ಕಲ್ಲು ಹತ್ತಿತು, ಕಾಲುವೆ ಜಿಗಿಯಿತು, ಕೆಸರಲ್ಲಿ ಮಲಗಿದ್ದ ಎಮ್ಮೆಯ ಮುಂದೆ ಎದೆಯುಬ್ಬಿಸಿ ನಿಂತಿತು. "ನೋಡಿದೆಯಾ ಎಮ್ಮಕ್ಕಾ? ಒಬ್ಬನೇ ಬಂದೆ!"

"ಭೇಷ್! ಆದರೆ ಪೊದೆಯಲ್ಲಿದ್ದ ನರಿ ನಿನ್ನ ಹಿಂದೆ ಯಾಕೆ ಬರಲಿಲ್ಲ ಮಾರಾಯ? ಅಲ್ಲಿ ನೋಡು."

ದೂರದಲ್ಲಿ ತಾಯಿ, ರೆಕ್ಕೆ ಮುರಿದಂತೆ ನಟಿಸಿ ನೆಲದಲ್ಲಿ ಎಳೆಯುತ್ತ ಕುಂಟುತ್ತಿತ್ತು. ಆಸೆಗಣ್ಣಿನ ನರಿ ಅದರ ಬೆನ್ನು ಹತ್ತಿತ್ತು. ನರಿ ನೆಗೆದೇ ಬಿಟ್ಟಿತು! "ಅಮ್ಮಾ!" ಎಂದು ಮರಿ ಚೀರಿತು. ತಾಯಿ ಪುರ್ರನೆ ಹಾರಿತು.

ಧೂಳು ಮೆತ್ತಿಕೊಂಡು ಬಂದ ತಾಯಿಯ ಎದೆಗೆ ಮರಿ ತಲೆ ಒತ್ತಿತು. "ಅಮ್ಮಾ, ಆ ಸಿನಿಮಾ ಮರಿಯ ಅಮ್ಮನೂ ಪರದೆಯ ಆಚೆ ನರಿಯನ್ನು ಅಲೆದಾಡಿಸುತ್ತಿದ್ದಳೇನೋ! ಯಾರೂ ತೋರಿಸಲೇ ಇಲ್ಲ."

"ಅದೆಲ್ಲ ಇರಲಿ ಮಗಾ, ಹೊಟ್ಟೆಗೇನಾದರೂ ತಿಂದೆಯಾ?"