ಮಹಡಿಯ ಗಿರಣಿ

ನಿವೃತ್ತ ತಹಶೀಲ್ದಾರ ಬೀಳಗಿಯವರು ಮಹಡಿಯೊಳಗೇ ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ, ಹಿಂದಿನ ಗಾಲಿಯನ್ನು ಕಬ್ಬಿಣದ ಉರುಳೆಗೆ ಒತ್ತಿ, ನಸುಕಿಗೇ ವ್ಯಾಯಾಮಕ್ಕೆಂದು ತುಳಿಯುತ್ತಿದ್ದರು. ಟೈರು ಮಾತ್ರ ಗುಡ್ಡ ಹತ್ತುವಂಥದ್ದು, ಮೈಯೆಲ್ಲ ಹಲ್ಲು. ಆ ಗುಡುಗುಡು ಸದ್ದಿಗೆ ಕೆಳಗೆ ಬಾಡಿಗೆಗಿದ್ದ ಗುರುಬಾಯಿಯ ಹಸುಗೂಸು ಬೆಚ್ಚಿ ಅಳುತ್ತಿತ್ತು.

"ಮನಿಯಾಗ ಗುಡ್ಡ ಎಲ್ಲೈತ್ರಿ ಸಾಹೇಬ್ರ? ನುಣ್ಣನ ಟೈರು ಹಾಕ್ರಿ."

"ಇದು ಗಂಡು ಟೈರು. ಒಗ್ಗದಿದ್ರ ಮನಿ ಖಾಲಿ ಮಾಡವ್ವ."

ಗುರುಬಾಯಿ ಓಣಿಯಲ್ಲಿ ಒಂದೇ ಮಾತು ಹಾಕಿದಳು: ಸಾಹೇಬರು ಗಿರಣಿ ಇಟ್ಟಿದ್ದಾರೆ. ಸದ್ದು ಎಲ್ಲರೂ ಕೇಳಿದ್ದರು, ನಂಬದಿರಲು ಕಾರಣವಿರಲಿಲ್ಲ.

ಮರುದಿನ ನಸುಕಿಗೆ ಬೀಳಗಿಯವರು ಬೆವರುತ್ತ ಬಾಗಿಲು ತೆರೆದರೆ, ಜೋಳದ ಡಬ್ಬಿ ಹೊತ್ತ ಹೆಂಗಸರ ಸಾಲು.

"ಸಣ್ಣಗ ಬೀಸಿಕೊಡ್ರಿ."

"ಗಿರಣಿ ಅಂತ ಯಾರ್ ಹೇಳಿದ್ರು?"

"ಯಾರ್ಯಾಕ ಹೇಳಬೇಕ್ರಿ? ನಮಗ ಕಿವಿ ಇಲ್ಲೇನ್ರಿ?"

ಸಂಜೆಗೆ ನುಣ್ಣನೆಯ ಟೈರು ಬಂತು. ಮಾರನೆಯ ಬೆಳಿಗ್ಗೆ ಸಾಹೇಬರು ಕೆಳಗಿಳಿದು, ಮಲಗಿದ್ದ ಕೂಸನ್ನು ಕಂಡು ದನಿ ತಗ್ಗಿಸಿದರು. "ಈಗೇನರ ಕೇಳಸ್ತೈತೇನವ್ವ?"

"ಇಲ್ರಿ. ಗಿರಣಿ ಮುಚ್ಚೇತಂತ ಓಣಿಯವರಿಗೇ ಬ್ಯಾಸರ."