ಕಡುಗೆಂಪು ಹರಳು

ಉಪ್ಪಿನ ಗದ್ದೆಯ ಬದುವಿನಲ್ಲಿ ಮರಿಗಳೊಂದಿಗೆ ಬಿಲ ಮಾಡಿಕೊಂಡಿದ್ದ ಏಡಿಗೆ ಬಣ್ಣದ ಹರಳುಗಳ ಹುಚ್ಚು. ಬಿಳಿಯ ರಾಶಿ ಕೆಡುತ್ತದೆಂದು ಕೆಲಸದವರು ಆರಿಸಿ ಎಸೆದದ್ದನ್ನೆಲ್ಲ ಅದು ಬಿಲಕ್ಕೆ ಹೊತ್ತು ತಂದು ಜೋಡಿಸಿಡುತ್ತಿತ್ತು. ಒಂದು ದಿನ ತಿಳಿಗೆಂಪು ಹರಳೊಂದು ಸಿಕ್ಕಿತು.

"ಈ ಬಣ್ಣ ನಿನಗೆ ಎಲ್ಲಿಂದ ಬಂತು?" ಎಂದು ಏಡಿ ಕೇಳಿತು.

"ಉಬ್ಬರದ ನೀರಿನ ಜೊತೆ ಸಿಗಡಿಮರಿಗಳು ಗದ್ದೆಗೆ ಬರುತ್ತವೆ ಸ್ವಾಮಿ," ಎಂದಿತು ಹರಳು. "ನೀರು ಬತ್ತುವ ಮೊದಲು ಕಾಲುವೆ ಹಿಡಿದು ಕಡಲಿಗೆ ಮರಳುತ್ತವೆ. ದಾರಿ ತಪ್ಪಿದ ಕೆಲವು ಇಲ್ಲೇ ಬೆಂದು ಸಾಯುತ್ತವೆ. ನೀವು ಮೆಚ್ಚಿದ್ದು ಅವುಗಳ ಮೈಬಣ್ಣ."

"ಅಯ್ಯೋ ಪಾಪ!" ಎಂದಿತು ಏಡಿ. ಹರಳನ್ನು ಬಿಸಿಲಿಗೆ ಹಿಡಿದು ನೋಡಿ, "ಎಲ್ಲವೂ ಸತ್ತರೆ ಬಣ್ಣ ಇನ್ನೂ ಗಾಢವಾಗುತ್ತದೆಯೋ?" ಎಂದು ಕೇಳಿತು.

"ಆಗುತ್ತದೆ. ಆದರೆ ಈ ನೀರಿಗೆ ಬರುವುದು ಸಿಗಡಿಮರಿಗಳಷ್ಟೇ ಅಲ್ಲ, ಸ್ವಾಮಿ…"

"ಕೇಳಿದ್ದಕ್ಕಷ್ಟೇ ಉತ್ತರ ಹೇಳು!" ಎಂದು ಏಡಿ ಗದರಿತು.

ಮುಂದಿನ ಉಬ್ಬರ ಬಂದಾಗ, ನೀರು ಇಳಿಯುವ ಮುಂಚೆಯೇ ಅದು ಕಾಲುವೆಯ ಬಾಯಿಗೆ ಕೆಸರು ಮೆತ್ತಿ ಮುಚ್ಚಿತು. ಬಿಸಿಲಿಗೆ ಗದ್ದೆ ಬತ್ತಿತು. ಹಿಂದೆಂದೂ ಕಾಣದಂಥ ಕಡುಗೆಂಪು ಹರಳೊಂದು ನಡುವೆ ಹೊಳೆಯುತ್ತಿತ್ತು. ಏಡಿ ಅದನ್ನು ಎಳೆದು ತಂದು, ಒಳಗಿಡದೆ, ಬಿಲದ ಬಾಗಿಲಲ್ಲೇ ನಿಲ್ಲಿಸಿತು. ಉಬ್ಬರದ ನೀರಿನಲ್ಲಿ ಆಡಲು ಹೋಗಿದ್ದ ತನ್ನ ಮರಿಗಳು ಮನೆಗೆ ಬಂದ ಕೂಡಲೇ ಮೊದಲು ಇದನ್ನೇ ನೋಡಲಿ ಎಂದು ಅದರ ಆಸೆ.